ಬಾನೆಟ್ಟಿನ ಮೇಲೊಂದು ಅಂಗೈ

ಇದು ನಡೆದದ್ದು ಹೀಗೆಯೇ ಎಂದು ನಾನು ಆಣೆ ಮಾಡಿ ಹೇಳಲಾರೆ. ಬಿಳಿ ಕಾರು ಇದ್ದದ್ದು ನಿಜ, ಅದರ ಬಾನೆಟ್ಟಿನ ಮೇಲೆ ಒಂದು ಹಳದಿ ಅಂಗೈ ಮೂಡಿದ್ದು ನಿಜ, ಅದನ್ನು ನೋಡಿ ನಾವೆಲ್ಲ ಬಾಯಿ ತೆರೆದು ನಿಂತದ್ದೂ ನಿಜ. ಆಮೇಲೆ ಆ ಅಂಗೈ ಏನಾಯಿತು ಎಂಬುದರಲ್ಲಿ ಮಾತ್ರ ನನಗೂ ನನ್ನ ಗೆಳೆಯ ಭುಜಂಗನಿಗೂ ಒಮ್ಮತವಿಲ್ಲ. ಅವನು ಒಂದು ಹೇಳುತ್ತಾನೆ, ನನ್ನ ಕಣ್ಣು ಇನ್ನೊಂದು ಹೇಳುತ್ತದೆ. ನನ್ನ ಹೆಂಡತಿ ನಳಿನಿಯನ್ನು ಕೇಳಿದರೆ, "ನೀವು ಆವತ್ತು ಅಲ್ಲಿದ್ರಾ?" ಎಂದು ಬುಡಕ್ಕೇ ಕೈ ಹಾಕುತ್ತಾಳೆ.

ಇದ್ದೆ ಎಂದೇ ನನ್ನ ನಂಬಿಕೆ. ಆದರೆ ನಂಬಿಕೆಯನ್ನು ಸುಲಭಕ್ಕೆ ನಂಬಬಾರದು ಎನ್ನುವುದನ್ನೇ ನಾನು ವರ್ಷಗಟ್ಟಲೆ ಓದಿ ಪದವಿ ಪಡೆದದ್ದು. ಪಾಲೋ ಆಲ್ಟೋದ ವಿಶ್ವವಿದ್ಯಾಲಯದಲ್ಲಿ ಸಂಖ್ಯಾಶಾಸ್ತ್ರ ಕಲಿತು, ಒಂದೆರಡು ಕೆಲಸ ಹಿಡಿದು ಬಿಟ್ಟು, ಎಂಬತ್ತರ ದಶಕದ ನಡುವೆ ಸೌತ್ ಸ್ಯಾನ್ ಫ್ರಾನ್ಸಿಸ್ಕೋದ ಒಂದು ಪ್ರಯೋಗಶಾಲೆ ಸೇರಿಕೊಂಡಿದ್ದೆ. ಔಷಧಿ ಕೊಟ್ಟದ್ದರಿಂದ ಜ್ವರ ಬಿಟ್ಟಿತೋ, ಬಿಡಲಿದ್ದ ಜ್ವರಕ್ಕೆ ಔಷಧಿ ಕೊಟ್ಟರೋ ಎಂದು ಅನುಮಾನಿಸುವುದು ಅಲ್ಲಿ ನನ್ನ ಉದ್ಯೋಗ. ಬೆಳಗಿನಿಂದ ಸಂಜೆಯವರೆಗೆ ಅನುಮಾನಿಸಿ ಮನೆಗೆ ಬಂದವನಿಗೆ ಆ ಅಭ್ಯಾಸವನ್ನು ಕೋಟಿನ ಜೊತೆ ಗೂಟಕ್ಕೆ ನೇತುಹಾಕಲು ಬರುವುದಿಲ್ಲ. ಸಾರಿಗೆ ಉಪ್ಪು ಹಾಕಿದ್ದೇನೆ ಎಂದು ನಳಿನಿ ಹೇಳಿದರೆ, ಹಾಕಿದ್ದು ನೆನಪಿದೆಯೋ ಅಥವಾ ದಿನಾ ಹಾಕುವ ಅಭ್ಯಾಸ ನೆನಪಿದೆಯೋ ಎಂದು ಕೇಳಿ, ಆ ವಾರವೆಲ್ಲ ಉಪ್ಪಿಲ್ಲದ ಸಾರು ಉಂಡವನು ನಾನು.

ನಮ್ಮ ನ್ಯಾಯಶಾಸ್ತ್ರದವರು ಈ ವಿಷಯದಲ್ಲಿ ನನಗಿಂತ ಕಟ್ಟುನಿಟ್ಟು. ಕಣ್ಣಿಗೆ ಕಂಡದ್ದು ಪ್ರಮಾಣ, ಸರಿಯಾಗಿ ಊಹಿಸಿದ್ದು ಪ್ರಮಾಣ, ನಂಬಿಕಸ್ಥರು ಹೇಳಿದ್ದೂ ಪ್ರಮಾಣ. ನೆನಪನ್ನು ಮಾತ್ರ ಅವರು ಆ ಪಂಕ್ತಿಯಲ್ಲಿ ಕೂರಿಸಲಿಲ್ಲ. ನೀನು ಹೊಸದೇನನ್ನೂ ತಂದಿಲ್ಲ, ಹಳೆಯದನ್ನೇ ಮತ್ತೆ ಬಡಿಸುತ್ತಿದ್ದೀಯ ಎಂದು ಬಾಗಿಲಲ್ಲೇ ನಿಲ್ಲಿಸಿಬಿಟ್ಟರು. ನೆನಪು ಹಳೆಯದನ್ನು ಇದ್ದ ಹಾಗೆಯೇ ಬಡಿಸುತ್ತದೆ ಎಂದುಕೊಂಡದ್ದರಲ್ಲಿ ಅವರೂ ಸ್ವಲ್ಪ ಧಾರಾಳಿಗಳೇ ಎಂದು ನನಗನ್ನಿಸುತ್ತದೆ. ಪಾಪ, ಅವರು ಭುಜಂಗನ ಗರಾಜನ್ನು ನೋಡಿರಲಿಲ್ಲ.

ಭುಜಂಗ ಉಡುಪಿಯವನು. ಸಾಂಟಾ ಕ್ಲಾರಾದ ಒಂದು ಚಿಪ್ ಕಂಪನಿಯಲ್ಲಿ ಇಂಜಿನಿಯರು. ಆಫೀಸಿನವರ ನಾಲಿಗೆ ಅವನ ಹೆಸರಿನ ಮೊದಲ ಅಕ್ಷರಕ್ಕೇ ಸುಸ್ತಾಗಿ ಅವನನ್ನು 'ಬೋ' ಮಾಡಿತ್ತು. ನಲವತ್ತು ಹತ್ತಿರವಾದರೂ ಮದುವೆಯಿಲ್ಲ. ಸನ್ನಿವೇಲ್‌ನಲ್ಲಿ ಸ್ವಂತ ಮನೆ, ಅದರಲ್ಲಿ ಅವನು ಬಳಸುತ್ತಿದ್ದದ್ದು ಅಡುಗೆಮನೆ ಮತ್ತು ಗರಾಜು. ಧೂಳಿನ ಕಣ ಕೂಡ ನುಸುಳದ ಕೋಣೆಯಲ್ಲಿ ಮೈತುಂಬ ಬಿಳಿ ಮುಸುಕು ಹೊದ್ದು ದಿನವಿಡೀ ದುಡಿಯುತ್ತಿದ್ದ ಈ ಮನುಷ್ಯ ಒಂದು ಭಾನುವಾರ, "ಬಾ ಮಾರಾಯ, ಒಂದು ಸಾಮಾನು ತರ್ಲಿಕ್ಕುಂಟು," ಎಂದು ನನ್ನನ್ನು ಬೆಳ್ಳುಳ್ಳಿಗೆ ಹೆಸರಾದ ಗಿಲ್‌ರಾಯ್‌ಗೆ ಕರೆದುಕೊಂಡು ಹೋದ. ಸಾಮಾನು ಎಂದರೆ ಬೆಳ್ಳುಳ್ಳಿ ಎಂದುಕೊಂಡು ನಾನು ಚೀಲ ತಂದಿದ್ದೆ.

ಅಲ್ಲಿ ಒಬ್ಬ ರೈತನ ಕೊಟ್ಟಿಗೆಯ ಮೂಲೆಯಲ್ಲಿ ಅರವತ್ತರ ದಶಕದ ಎರಡು ಬಾಗಿಲಿನ ಕಾರೊಂದು ಮಲಗಿತ್ತು. ಹಿಂದಿನ ಸೀಟಿನಲ್ಲಿ ಕೋಳಿ ಕಾವು ಕೂತಿತ್ತು. ಮುಂದಿನ ಸೀಟಿನ ಮೇಲೆ ಬೆಳ್ಳುಳ್ಳಿ ಗಂಟು. ಬಾನೆಟ್ಟು ಎತ್ತಿದರೆ ನೆಲ ಕಾಣಿಸುತ್ತಿತ್ತು. ಇಂಜಿನ್ ಎಲ್ಲಿ ಎಂದು ಕೇಳಿದೆ. "ಅದು ಬೇರೆ ಕಡೆ ನೋಡಿಟ್ಟಿದ್ದೇನೆ," ಎಂದ ಭುಜಂಗ, ಮಗನಿಗೆ ಹೆಣ್ಣು ಗೊತ್ತುಮಾಡಿದವರ ನೆಮ್ಮದಿಯಲ್ಲಿ. ನನಗೆ ಮೊದಲ ಆಘಾತವಾದದ್ದು ಆಗ. ಎರಡನೆಯದು, ಅದನ್ನು ಎಳೆತಂದು ಗರಾಜಿನಲ್ಲಿ ನಿಲ್ಲಿಸಿದ ಮೇಲೆ ಅವನು ಗರಗಸ ಹಿಡಿದು ಕಾರಿನ ನೆಲವನ್ನೇ ಕೊಯ್ಯತೊಡಗಿದಾಗ.

ಕೊಂಡ ವಸ್ತುವನ್ನು ಕೊಯ್ಯುವುದೆಂದರೇನು? ನಾನು ಬೆಳೆದ ಬೆಂಗಳೂರಿನ ಮನೆಯಲ್ಲಿ ಸ್ಕೂಟರಿನ ಸೀಟಿನ ಪ್ಲಾಸ್ಟಿಕ್ ಹೊದಿಕೆಯನ್ನು ಅದು ತಾನಾಗಿಯೇ ಹರಿದು ಬೀಳುವವರೆಗೆ ಯಾರೂ ತೆಗೆದವರಲ್ಲ. ಕಾರ್ಖಾನೆಯಿಂದ ಬಂದದ್ದು ನಮಗೆ ಪ್ರಸಾದವಿದ್ದ ಹಾಗೆ. ಕಣ್ಣಿಗೊತ್ತಿಕೊಳ್ಳುವುದೇ ಹೊರತು ಉಪ್ಪು ಖಾರ ಸಾಲದು ಎನ್ನುವಂತಿಲ್ಲ. ಇಲ್ಲಿನವರ ಧರ್ಮ ಬೇರೆ. ಕಾರ್ಖಾನೆಯವರು ಕೊಟ್ಟದ್ದು ಬರೀ ಕರಡು, ಅದನ್ನು ತಿದ್ದುವುದು ಕೊಂಡವನ ಕರ್ತವ್ಯ ಎಂದು ಇವರು ತಿಳಿದಿದ್ದಾರೆ. ಭುಜಂಗ ಈ ಹೊಸ ಧರ್ಮಕ್ಕೆ ಸೇರಿದ ಮೇಲೆ ಹಿಂದಿರುಗಿ ನೋಡಲಿಲ್ಲ. ಅಪಘಾತಕ್ಕೆ ಸಿಕ್ಕ ಪಿಕಪ್ ಟ್ರಕ್ಕೊಂದರಿಂದ ಎಂಟು ಸಿಲಿಂಡರಿನ ದೊಡ್ಡ ಇಂಜಿನ್ ಬಂತು. ಬ್ರೇಕು ಇನ್ನೊಂದು ಕಾರಿನದು, ಸೀಟು ಮತ್ತೊಂದರದು. ಹಿಂದಿನ ಚಕ್ರಗಳು ಅಗಲವಾದವು. ಚಕ್ರ ಹಿಡಿಸುವುದಿಲ್ಲ ಎಂದು ಮೈಯೂ ಅಗಲವಾಯಿತು. ಒಂದು ದಿನ ನಾನು, "ಇಷ್ಟೆಲ್ಲ ಬದಲಾದ ಮೇಲೆ ಇದು ಅದೇ ಕಾರೇನೋ?" ಎಂದು ಕೇಳಿದೆ. ಅವನು ಕಾರಿನ ಅಡಿಯಿಂದಲೇ, "ಕೋಳಿಯನ್ನು ಕೇಳು, ಅದು ಸೀಟು ನೋಡಿ ಹೇಳ್ತಿತ್ತು. ಈಗ ಸೀಟೂ ಇಲ್ಲ," ಎಂದ.

ಅವನ ಇನ್ನೊಂದು ವಿದ್ಯೆ ನನಗೆ ಇಂದಿಗೂ ಅರಗಿಲ್ಲ. ಮೆತ್ತಗೆ ಓಡುತ್ತಿದ್ದ ಇಂಜಿನ್ನಿನ ಒಳಗಿನ ಒಂದು ಉಕ್ಕಿನ ಕೋಲನ್ನು ಬದಲಾಯಿಸಿ, ಅದು ನಿಂತಲ್ಲಿ ದಡಬಡ, ದಡಬಡ ಎಂದು ಮೈ ಕುಲುಕುತ್ತ ತಡವರಿಸುವಂತೆ ಮಾಡಿದ. ವೇಗ ಹೆಚ್ಚಿದರೆ ಅದೇ ಇಂಜಿನ್ ಸರಾಗವಾಗಿ ಹಾಡುತ್ತದಂತೆ; ನಿಂತಾಗಿನ ಕಷ್ಟ ಓಡುವಾಗಿನ ಸುಖಕ್ಕಾಗಿ. ಇದನ್ನು ಕೇಳಿ ನಾನು ತೆಪ್ಪಗಾದೆ. ನಾನೂ ಹಾಗೆಯೇ, ಒಂದು ಕಡೆ ನಿಂತರೆ ಕುಲುಕುವ ಪ್ರಾಣಿ ಎಂದು ನಳಿನಿ ಆಗಲೇ ಹೇಳಿಬಿಟ್ಟಿದ್ದಳು.

ಇಷ್ಟಾಗುವ ಹೊತ್ತಿಗೆ ಭುಜಂಗನ ತಾಯಿ ಜಲಜಮ್ಮ ಉಡುಪಿಯಿಂದ ಬಂದರು. ಮಗನನ್ನು ಮದುವೆಗೆ ಒಪ್ಪಿಸುವುದು ಅವರ ಉದ್ದೇಶ. ಬಂದವರಿಗೆ ಮಗ ಸಿಕ್ಕಿದ್ದು ಕಾರಿನ ಅಡಿಯಿಂದ ಹೊರಗೆ ಚಾಚಿಕೊಂಡಿದ್ದ ಎರಡು ಪಾದಗಳ ರೂಪದಲ್ಲಿ. ಅವರು ಗರಾಜಿನಲ್ಲಿ ಸ್ಟೂಲು ಹಾಕಿಕೊಂಡು, ಮಡಿಲಲ್ಲಿ ಬೀನ್ಸ್ ಸುಲಿಯುತ್ತ, ಆರು ತಿಂಗಳು ಆ ಪಾದಗಳೊಂದಿಗೇ ಮಾತಾಡಿದರು. ಕಾರ್ಕಳದ ಹುಡುಗಿಯ ವಿಷಯ ಬಂದರೆ ಪಾದಗಳು ಒಳಕ್ಕೆ ಜರುಗುತ್ತಿದ್ದವು. ಊಟದ ವಿಷಯ ಬಂದರೆ ಹೊರಬರುತ್ತಿದ್ದವು. ಮನೆಯಲ್ಲಿ ಅವರಿಬ್ಬರದು ತುಳು. ನಾವು ಹೋದರೆ ನಮಗಾಗಿ ಕನ್ನಡ. ಇಂಜಿನ್ ಅವರೆದುರು ಮೊದಲ ಬಾರಿ ಶುರುವಾದ ದಿನ ನಾವೂ ಇದ್ದೆವು. ಗರಾಜು ನಡುಗಿತು, ನನ್ನ ಎದೆ ನಡುಗಿತು, ಪಕ್ಕದ ಮನೆಯವರು ಪರದೆ ಸರಿಸಿದರು. ಜಲಜಮ್ಮ ಮಾತ್ರ ಸ್ವಲ್ಪ ಹೊತ್ತು ಕಿವಿಗೊಟ್ಟು, "ಇದಕ್ಕೆ ಕಫ ಉಂಟು ಮಗಾ. ಒಂದು ಕಷಾಯ ಮಾಡ್ಲಿಕ್ಕೆ ಆಗ್ತದಾ ನೋಡು," ಎಂದರು. ಬೆಳ್ಳುಳ್ಳಿ ತಿನ್ನದ ಅವರಿಗೆ ಆ ಕಾರಿನಲ್ಲಿ ಸಹಿಸಲಾಗದ್ದು ಸದ್ದಲ್ಲ, ಹೀಟರು ಹಾಕಿದಾಗ ಏಳುತ್ತಿದ್ದ ಗಿಲ್‌ರಾಯ್‌ನ ವಾಸನೆ.

ಅವರು ಹೊರಡಬೇಕಾಗಿದ್ದದ್ದು ಅಕ್ಟೋಬರಿನ ಒಂದು ಸೋಮವಾರ. ಅದರ ಹಿಂದಿನ ಭಾನುವಾರ ಬೆಟ್ಟದಾಚೆ ಪ್ಲೆಸೆಂಟನ್‌ನ ಮೈದಾನದಲ್ಲಿ ಇಂಥ ಕಾರುಗಳ ಪ್ರದರ್ಶನ. ಭುಜಂಗನ ಇಷ್ಟು ವರ್ಷದ ದುಡಿಮೆ ಮೊದಲ ಸಲ ನಾಲ್ಕು ಜನರ ಕಣ್ಣಿಗೆ ಬೀಳುವ ದಿನ. ಶನಿವಾರ ನಮ್ಮ ಆಯುಧಪೂಜೆ. ನಿಜವಾದ ಆಯುಧಪೂಜೆ ವಾರದ ನಡುವೆ ಆಗಿಹೋಗಿತ್ತು. ಆದರೆ ಇಲ್ಲಿ ನಮ್ಮ ಪಂಚಾಂಗದ ಎಲ್ಲ ಹಬ್ಬಗಳೂ ಶನಿವಾರಕ್ಕೇ ಬಂದು ಬೀಳುತ್ತವೆ, ದೇವರುಗಳೂ ಆಫೀಸಿಗೆ ಹೋಗುವವರೇನೋ ಎನ್ನುವ ಹಾಗೆ. ಪೂಜೆಯಾಗದ ಗಾಡಿ ರಸ್ತೆಗಿಳಿಯಕೂಡದು ಎಂದು ಜಲಜಮ್ಮ. ಬಣ್ಣ ಮುಟ್ಟಕೂಡದು ಎಂದು ಭುಜಂಗ.

ಬಣ್ಣದ ಕಥೆ ಹೀಗೆ. ಮುತ್ತಿನಂಥ ಬಿಳುಪಿನ ಲ್ಯಾಕರ್ ಅದು. ತೆಳ್ಳಗೆ ಒಂದರ ಮೇಲೊಂದು ಪದರ ಹೊಡೆದು, ನಡುನಡುವೆ ಒದ್ದೆ ಉಪ್ಪುಕಾಗದದಿಂದ ತಿಕ್ಕಿ, ಮತ್ತೆ ಹೊಡೆದು, ಕೊನೆಗೆ ಅದರಲ್ಲಿ ನಮ್ಮ ಮುಖ ಕಾಣುವಂತೆ ಮಾಡಿದ್ದ. ನನ್ನ ಮುಖ ಅಷ್ಟು ಸ್ಪಷ್ಟವಾಗಿ ಕಂಡದ್ದು ನನಗೇನೂ ಸಂತೋಷದ ವಿಷಯವಾಗಿರಲಿಲ್ಲ. "ಮೇಲೆ ಗಟ್ಟಿ ಕಾಣ್ತದೆ, ಒಳಗೆ ಇನ್ನೂ ಹಸಿ ಉಂಟು," ಎಂದು ಅವನು ತಾಯಿಗೆ ವಿವರಿಸಿದ. "ಬಾಣಂತಿ ಹಾಗೆ ನೋಡಿಕೊಳ್ಬೇಕು ಇದನ್ನು."

"ಬಾಣಂತಿಗೆ ಅರಿಶಿನ ಹಚ್ಚುವುದಿಲ್ಲವಾ ಮಗಾ?" ಎಂದರು ಜಲಜಮ್ಮ.

ಕಡೆಗೆ ಎರಡು ರಾಷ್ಟ್ರಗಳ ನಡುವಿನಂಥ ಒಪ್ಪಂದವಾಯಿತು. ತೆಂಗಿನಕಾಯಿ ಕಾರಿನಿಂದ ದೂರ, ಡ್ರೈವ್‌ವೇಯ ಅಂಚಿನಲ್ಲಿ ಒಡೆಯತಕ್ಕದ್ದು. ಹೂವಿನ ಮಾಲೆಗೆ ಪಿನ್ನು ಕೂಡದು. ಕರ್ಪೂರದ ಆರತಿ ಕಾರ್ಬ್ಯುರೇಟರಿನ ಹತ್ತಿರ ಸುಳಿಯಕೂಡದು. ಅರಿಶಿನ ಕುಂಕುಮ ಮುಂದಿನ ಬಂಪರಿನ ಮೇಲೆ ಮಾತ್ರ, ಅದು ಹೊಳೆಯುವ ಲೋಹ, ಒರೆಸಿದರೆ ಹೋಗುತ್ತದೆ. ಚಕ್ರದ ಅಡಿಗೆ ನಿಂಬೆಹಣ್ಣಿಗೆ ಅಭ್ಯಂತರವಿಲ್ಲ. ಜಲಜಮ್ಮ ಎಲ್ಲಕ್ಕೂ ಒಪ್ಪಿದರು, ಮತ್ತು ಎಲ್ಲವನ್ನೂ ಅಕ್ಷರಶಃ ಪಾಲಿಸಿದರು. ಒಣ ಅರಿಶಿನ ಆ ನುಣುಪು ಬಂಪರಿಗೆ ಹಿಡಿಯುವುದಿಲ್ಲ ಎಂದು ಅದನ್ನು ನೀರಲ್ಲಿ ಗಟ್ಟಿಯಾಗಿ ಕಲಸಿ, ಒಂದಿಷ್ಟು ಕೊಬ್ಬರಿ ಎಣ್ಣೆ ಬಿಟ್ಟುಕೊಂಡಿದ್ದರು. ಬಂಪರಿಗೆ ಬೊಟ್ಟಿಟ್ಟರು. ಎಡ ಚಕ್ರಕ್ಕೆ ನಿಂಬೆಹಣ್ಣು ಇಟ್ಟರು. ಬಲ ಚಕ್ರದ ಮುಂದೆ ಕುಕ್ಕರಗಾಲಲ್ಲಿ ಕೂತು ಇನ್ನೊಂದನ್ನು ಇಟ್ಟರು. ಏಳಲು ಹೋದಾಗ ಮಂಡಿ ಹಿಡಿದುಕೊಂಡಿತು. ಬೀಳುವವರು ಏನು ಸಿಕ್ಕಿದರೂ ಹಿಡಿಯುತ್ತಾರೆ. ಅವರಿಗೆ ಸಿಕ್ಕಿದ್ದು ಬಾನೆಟ್ಟಿನ ಮೂಲೆ.

ಈ ಕ್ಷಣ ನನ್ನ ಕಣ್ಣಲ್ಲಿ ಕೆತ್ತಿದ ಹಾಗಿದೆ. ಅವರ ಬಳೆ ಲೋಹಕ್ಕೆ ತಾಗಿದ ಸಣ್ಣ ಸದ್ದು ಕೂಡ ಕೇಳಿಸುತ್ತದೆ. ಆದರೆ ನಳಿನಿಯ ಪ್ರಕಾರ ಆಗ ನಾನು ಅಡುಗೆಮನೆಯಲ್ಲಿ ಬೆಂಕಿಪೊಟ್ಟಣ ಹುಡುಕುತ್ತಿದ್ದೆ, ಎಲ್ಲ ಮುಗಿದ ಮೇಲೆ ಬಂದು, "ಏನಾಯ್ತು?" ಎಂದು ಕೇಳಿದೆ. ಅವಳು ಹೇಳುವುದು ನಿಜವಿದ್ದರೆ, ನಾನು ನೋಡದ ಒಂದು ದೃಶ್ಯವನ್ನು ಅವಳ ಬಾಯಿಂದ ಕೇಳಿ, ನನ್ನ ತಲೆಯ ಗರಾಜಿನಲ್ಲಿ ಕೂಡಿಸಿ, ಬಳೆಯ ಸದ್ದನ್ನು ಬೇರೆಲ್ಲಿಂದಲೋ ತಂದು ಜೋಡಿಸಿಕೊಂಡಿದ್ದೇನೆ.

ಮುಂದಿನದಕ್ಕೆ ಎಲ್ಲರೂ ಸಾಕ್ಷಿ. ಜಲಜಮ್ಮ ಕೈ ಎತ್ತಿದಾಗ ಬಿಳಿ ಬಾನೆಟ್ಟಿನ ಮೇಲೆ ಒಂದು ಪೂರ್ತಿ ಅಂಗೈ ಇತ್ತು. ಐದು ಬೆರಳು, ಉಂಗುರವಿದ್ದ ಕಡೆ ಒಂದು ಸಣ್ಣ ಬಿಳಿ ಗೆರೆ. ಅವರು ಸೆರಗಿನಿಂದ ಒರೆಸಿದರು. ಅರಿಶಿನದ ಮುದ್ದೆ ಸೆರಗಿಗೆ ಬಂತು. ಹಳದಿ ಅಲ್ಲೇ ಉಳಿಯಿತು. ಹಸಿ ಬಣ್ಣ ಅದನ್ನು ಕುಡಿದುಬಿಟ್ಟಿತ್ತು. ಮತ್ತೆ ಒರೆಸಲು ಹೋದವರನ್ನು, "ಬೇಡಮ್ಮ, ಮುಟ್ಟಬೇಡ," ಎಂಬ ಮಾತು ತಡೆಯಿತು. ಭುಜಂಗ ಕೀ ಹಿಡಿದುಕೊಂಡು ಬಾಗಿಲಲ್ಲಿ ನಿಂತಿದ್ದ.

ಅವನು ಕೂಗಲಿಲ್ಲ. ಕೂಗಿದ್ದರೆ ನಮಗೆಲ್ಲ ಹಗುರವಾಗುತ್ತಿತ್ತು. ಹತ್ತಿರ ಬಂದು ಬಗ್ಗಿ ನೋಡಿದ. ಥಿನ್ನರಿನ ಡಬ್ಬಿ ತೆರೆದ, ಮತ್ತೆ ಮುಚ್ಚಿದ. ಜಲಜಮ್ಮ ತುಳುವಿನಲ್ಲಿ ಏನೋ ಹೇಳಿದರು. ಅವನು ಡಬ್ಬಿಯನ್ನು ಅದರ ಜಾಗಕ್ಕೆ ಇಟ್ಟ. ಅವರು ತಟ್ಟೆಯನ್ನು ನೆಲದ ಮೇಲಿಟ್ಟು ಒಳಗೆ ಹೋದರು, ನಳಿನಿ ಹಿಂದೆಯೇ ಹೋದಳು. ಆಮೇಲೆ ಅವನು ನನ್ನ ಕಡೆ ತಿರುಗಿ, ಆಫೀಸಿನ ಮೀಟಿಂಗಿನಲ್ಲಿ ಮಾತಾಡುವವನ ದನಿಯಲ್ಲಿ, ಥಿನ್ನರು ಹಚ್ಚಿದರೆ ಬಣ್ಣವೇ ಎದ್ದು ಬರುತ್ತದೆ, ತಿಕ್ಕಿದರೆ ತಳ ಕಾಣುತ್ತದೆ, ಹೊಸದಾಗಿ ಹೊಡೆಯಲು ದಿನಗಳು ಬೇಕು, ಇರುವುದು ಒಂದು ರಾತ್ರಿ ಎಂದು ವಿವರಿಸಿದ. ನಾನು ತಲೆಯಾಡಿಸಿದೆ.

ಅಷ್ಟರಲ್ಲಿ ನಳಿನಿ ಒಳಗಿನಿಂದ ಬಂದಳು. "ಭುಜಂಗ, ಕಾರಿನ ಟೆನ್ಷನ್ನು ಆಮೇಲೆ ಇಟ್ಕೊಳ್ಳಿ. ನಿಮ್ಮಮ್ಮ ಪ್ಯಾಕ್ ಮಾಡಿದ್ದ ಸೀರೆಗಳನ್ನೆಲ್ಲ ತೆಗೆದು ಮತ್ತೆ ಮಡಚ್ತಾ ಕೂತಿದ್ದಾರೆ. ಊಟ ಬೇಡ್ವಂತೆ. ಏನು ಹೇಳಿದ್ರು ಗೊತ್ತಾ?" ಎಂದು, ಜಲಜಮ್ಮನ ಮಾತನ್ನು ಅವರ ದನಿಯಲ್ಲೇ ಹೇಳಿದಳು: "ಆರು ತಿಂಗಳು ಇದ್ದು ಎಂತ ಮಾಡಿದೆ ಅಂದ್ರೆ, ಹೋಗುವಾಗ ಇದೊಂದು ಮಾಡಿ ಹೋದೆ. ಈ ಮಂಡಿ ಹಿಡ್ಕೊಂಡು ನಾನು ಇನ್ನೊಮ್ಮೆ ಬರುವುದುಂಟಾ? ಅವನಿಗೆ ಅಮ್ಮನ ನೆನಪು ಅಂದ್ರೆ ಇನ್ನು ಇದೇ."

ಭುಜಂಗ ಕೀಗೊಂಚಲನ್ನು ಗೂಟಕ್ಕೆ ತೂಗುಹಾಕಿದ. ಪ್ರದರ್ಶನದಿಂದ ಹೆಸರು ವಾಪಸು ತೆಗೆದುಕೊಳ್ಳಬಹುದಿತ್ತು. ಹಾಗೆ ಮಾಡಿದ್ದರೆ ಆ ತಾಯಿ ಅದೇ ಭಾರ ಹೊತ್ತು ವಿಮಾನ ಹತ್ತುತ್ತಿದ್ದರು. ಅವನು ಒಳಗೆ ಹೋದ. ನಾವು ಹಿಂದೆಯೇ ಹೋಗಿ ನಾಚಿಕೆಯಿಲ್ಲದೆ ಬಾಗಿಲ ಹತ್ತಿರ ನಿಂತೆವು.

"ಅಮ್ಮ, ಅದು ಇರ್ಲಿ," ಎಂದ. "ನಾಳೆ ಹಾಗೇ ತಗೊಂಡು ಹೋಗುವ. ನೀನೂ ಬಾ."

"ನಾನಾ? ನಾನು ಎಂತಕ್ಕೆ ಅಲ್ಲಿ?"

"ಕೈ ಯಾರದ್ದು ಅಂತ ಕೇಳಿದ್ರೆ ತೋರಿಸ್ಲಿಕ್ಕೆ ಬೇಡವಾ?"

ಜಲಜಮ್ಮ ಮಗನ ಮುಖವನ್ನು ಹುಡುಕಿ ನೋಡಿದರು. ಬೇಸರವಿಲ್ಲದವನಂತೆ ಸುಳ್ಳು ಹೇಳುತ್ತಿದ್ದಾನೆ ಎಂದು ನನಗೆ ಗೊತ್ತಿತ್ತು, ನಳಿನಿಗೆ ಗೊತ್ತಿತ್ತು, ಅವರಿಗೂ ಗೊತ್ತಾಗಿರಬೇಕು. "ನೀನು ಸಣ್ಣಾಗಿರುವಾಗಿಂದ ಹೀಗೇ," ಎಂದು ಮಾತ್ರ ಹೇಳಿ, ಮಡಚಿದ ರೇಷ್ಮೆ ಸೀರೆಯೊಂದನ್ನು ಸೂಟ್‌ಕೇಸಿನಿಂದ ಬೇರೆ ತೆಗೆದಿಟ್ಟರು. ಸಾರಿಗೆ ಒಗ್ಗರಣೆ ಬಿದ್ದ ಸದ್ದು ಕೇಳಿದ ಮೇಲೆ ನಾವು ಮನೆಗೆ ಹೊರಟೆವು.

ಭಾನುವಾರ ಬೆಳಗ್ಗೆ ಕಾರು ನಿಂಬೆಹಣ್ಣುಗಳನ್ನು ಅಪ್ಪಚ್ಚಿ ಮಾಡಿ, ಬೀದಿಯನ್ನೆಲ್ಲ ಎಬ್ಬಿಸಿಕೊಂಡು ಹೊರಟಿತು. ಫ್ರೀವೇಯಲ್ಲಿ ನಮ್ಮ ಪುಟ್ಟ ಕಾರು ಅದರ ಹಿಂದೆ ಕರುವಿನ ಹಾಗೆ ಓಡಿತು. ಮುಂದಿನ ಗಾಜಿನಾಚೆ ಜಲಜಮ್ಮನ ತುರುಬಿನ ಮಲ್ಲಿಗೆ ಕಾಣುತ್ತಿತ್ತು.

ಪ್ರದರ್ಶನದ ಮೈದಾನದಲ್ಲಿ ನನಗೆ ಮತ್ತೆ ಆಘಾತ. ಸಾಲುಸಾಲಾಗಿ ಹಳೆಯ ಕಾರುಗಳು, ಟ್ರಕ್ಕುಗಳು. ಹೊಟ್ಟೆ ಬಂದ ಗಂಭೀರ ಗಂಡಸರು ಮಂಡಿಯೂರಿ ಚಕ್ರದ ಸಂದುಗಳನ್ನು ಹಲ್ಲುಜ್ಜುವ ಬ್ರಷ್ಷಿನಿಂದ ಉಜ್ಜುತ್ತಿದ್ದರು. ಕಾರಿನ ಹೊಟ್ಟೆಯೂ ಕಾಣಲಿ ಎಂದು ನೆಲದ ಮೇಲೆ ಕನ್ನಡಿ ಇಟ್ಟಿದ್ದರು. ಮೆತ್ತನೆಯ ಬಟ್ಟೆಯಲ್ಲಿ ಒರೆಸಿ, ಹಿಂದೆ ಸರಿದು ನೋಡಿ, ಮತ್ತೆ ಒರೆಸುತ್ತಿದ್ದರು. ಜಲಜಮ್ಮ ಎರಡು ಸಾಲು ನಡೆದು ನೋಡಿ, "ಇವರದ್ದೂ ಇವತ್ತೇ ಆಯುಧಪೂಜೆ," ಎಂದು ತೀರ್ಮಾನಿಸಿದರು. ಅಲ್ಲಿ ಒಂದು ಕಟ್ಟಳೆಯಿತ್ತು: ಇನ್ನೊಬ್ಬನ ಕಾರನ್ನು ಯಾರೂ ಬೆರಳ ತುದಿಯಿಂದಲೂ ಮುಟ್ಟುವುದಿಲ್ಲ, ನೋಡುವವರು ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ಬಗ್ಗುತ್ತಾರೆ. ಗರ್ಭಗುಡಿಯ ಮಡಿ ನನಗೆ ಗೊತ್ತು. ಇಲ್ಲಿನ ಮಡಿ ಅದಕ್ಕಿಂತ ಹೆಚ್ಚು. ಅಂಥ ಕಡೆ, ಐದೂ ಬೆರಳು ಊರಿದ ಒಂದು ಹಳದಿ ಕೈಯನ್ನು ಹೊತ್ತ ಕಾರು ಬಂದು ನಿಂತಿತು.

ಬಗ್ಗಿದವರು ಬಗ್ಗಿದಂತೆಯೇ ನಿಂತರು. ಹುಲ್ಲುಟೋಪಿ ಹಾಕಿದ, ಬಿಳಿ ಮೀಸೆಯ ತೀರ್ಪುಗಾರನೊಬ್ಬ ಬಂದು ಇಡೀ ಕಾರನ್ನು ಸುತ್ತಿ, ಗಾಜಿಗಂಟಿಸಿದ ಹೆಸರಿನ ಚೀಟಿ ಓದಿ, ಕೊನೆಗೆ ಆ ಕೈಯ ಮುಂದೆ ನಿಂತ.

"ಹೂಸ್ ಹ್ಯಾಂಡ್ ಈಸ್ ದಟ್, ಬೋ?"

ಭುಜಂಗ ಮಡಿಸುವ ಕುರ್ಚಿಯಲ್ಲಿ ಕೂತಿದ್ದ ತಾಯಿಯನ್ನು ತೋರಿಸಿದ. ತೀರ್ಪುಗಾರ ಟೋಪಿ ತೆಗೆದ. ಜಲಜಮ್ಮ, ಗುರುತು ಹೋಲಿಸಿ ನೋಡಲು ಬಂದಿದ್ದಾನೆ ಎಂದುಕೊಂಡೋ ಏನೋ, ಇನ್ನೂ ಹಳದಿಯಾಗಿದ್ದ ತಮ್ಮ ಅಂಗೈಯನ್ನು ಬಿಡಿಸಿ ತೋರಿಸಿದರು. ಆತ ತನ್ನ ಕೈಯನ್ನು ಬಾನೆಟ್ಟಿನ ಗುರುತಿನ ಮೇಲೆ, ಮುಟ್ಟದೆ, ಗಾಳಿಯಲ್ಲಿ ಹಿಡಿದು ಅಳತೆ ನೋಡಿದ. ತನ್ನ ತಾಯಿ ಗರಾಜಿನ ಬಾಗಿಲಿಗೂ ಬರುತ್ತಿರಲಿಲ್ಲ ಎಂದು ಭುಜಂಗನಿಗೆ ಹೇಳಿದನಂತೆ. ಆಮೇಲೆ ಜನ ಕೂಡಿದರು. ಆ ಹೊತ್ತಿನ ಒಂದು ಫೋಟೋ ನಮ್ಮ ಬಳಿ ಇದೆ, ನಳಿನಿ ತೆಗೆದದ್ದು. ಅದರಲ್ಲಿ ಜಲಜಮ್ಮ ನಗುತ್ತ ಸರಿಯಾಗಿ ಆ ಕೈಗುರುತಿನ ಎದುರಿಗೇ, ಅದು ಕಾಣದ ಹಾಗೆ, ನಿಂತಿದ್ದಾರೆ.

ಮಧ್ಯಾಹ್ನ ನಳಿನಿ ಅವರನ್ನು ಮನೆಗೆ ಕರೆದುಕೊಂಡು ಹೋದಳು. ಸಾಮಾನು ಕಟ್ಟುವುದು ಇನ್ನೂ ಬಾಕಿಯಿತ್ತು. ಹೊರಡುವಾಗ ಜಲಜಮ್ಮ, "ಯಾರೂ ಒರೆಸದ ಹಾಗೆ ನೋಡ್ಕೋ ಮಗಾ," ಎಂದರು. ಹಿಂದಿನ ದಿನ ಸೆರಗು ಹಿಡಿದು ಒರೆಸಿದವರು ಅವರೇ.

ಇನ್ನು ನಾನು ಹೇಳುವುದಕ್ಕೆ ನಾನೊಬ್ಬನೇ ಸಾಕ್ಷಿ. ಬೆಟ್ಟದಾಚೆಯ ಅಕ್ಟೋಬರು ನಮ್ಮ ಏಪ್ರಿಲಿನ ಹಾಗೆ, ಮೋಡವಿಲ್ಲ, ಮರವಿಲ್ಲ. ನಾನು ಮತ್ತು ಭುಜಂಗ ಪಕ್ಕದ ಹಸಿರು ಟ್ರಕ್ಕಿನ ನೆರಳಲ್ಲಿ ಕೂತು ಮೊಸರನ್ನ ತಿಂದೆವು, ತೂಕಡಿಸಿದೆವು. ಸಂಜೆಯ ಹತ್ತಿರ ಆ ತೀರ್ಪುಗಾರ ತನ್ನ ಹೆಂಡತಿಯನ್ನು ಕರೆದುಕೊಂಡು ಬಂದ, ಕೈ ತೋರಿಸಲು. ತೋರಿಸಲು ಕೈ ಇರಲಿಲ್ಲ. ಬಾನೆಟ್ಟು ಬೆಳ್ಳಗೆ ಹೊಳೆಯುತ್ತಿತ್ತು. "ವೈಪ್ ಮಾಡಿಬಿಟ್ಟೆಯಾ?" ಎನ್ನುವ ಅರ್ಥದಲ್ಲಿ ಆತ ಏನೋ ಕೇಳಿದ, ಬೇಸರದಿಂದ. ಭುಜಂಗ ಎದ್ದು ಬಂದು ನೋಡಿದ. ಬಣ್ಣ ಉಳಿಯಿತು ಎಂದು ಅವನು ಕುಣಿಯಬೇಕಾಗಿತ್ತು. ಅವನು ಪಕ್ಕಕ್ಕೆ ನಿಂತು ನೋಡಿದ, ಬಗ್ಗಿ ನೋಡಿದ, ಬೆಳಕಿಗೆ ಅಡ್ಡ ನಿಂತು ನೋಡಿದ. ಆಮೇಲೆ, ಬಟ್ಟೆಯಿಲ್ಲದೆ ಯಾವತ್ತೂ ಮುಟ್ಟದಿದ್ದ ಆ ಬಣ್ಣದ ಮೇಲೆ ತನ್ನ ಬರಿಯ ಅಂಗೈಯನ್ನು ಇಟ್ಟ. "ಅಮ್ಮನಿಗೆ ಹೇಳ್ಬೇಡ," ಎಂದ.

ಬಹುಮಾನ ಹಸಿರು ಟ್ರಕ್ಕಿಗೆ ಬಂತು. ಮನೆಗೆ ಬಂದ ಕೂಡಲೇ ಅವನು ಕಾರಿಗೆ ಬಟ್ಟೆ ಹೊದಿಸಿದ. ಜಲಜಮ್ಮ ಮರುದಿನ ಬೆಳಗ್ಗೆ ಆ ಹೊದಿಕೆಗೇ ಕೈ ಮುಗಿದು ವಿಮಾನ ಹತ್ತಿದರು. ಅವರ ಮಂಡಿ ಹೇಳಿದ್ದು ನಿಜವಾಯಿತು. ಮತ್ತೆ ಬರಲಾಗಲಿಲ್ಲ.

ತಿಂಗಳಿಗೊಮ್ಮೆ ಭುಜಂಗ ಉಡುಪಿಗೆ ಫೋನು ಮಾಡುತ್ತಿದ್ದ. ಫೋನಿದ್ದದ್ದು ಪಕ್ಕದ ಮನೆಯಲ್ಲಿ. ಜಲಜಮ್ಮ ಮಂಡಿನೋವಿನಲ್ಲೇ ನಡೆದು ಬಂದು ಏದುಸಿರಲ್ಲೇ ಮಾತಾಡುತ್ತಿದ್ದರು. ಒಮ್ಮೆ ನಾನು ಎದುರಿಗೇ ಕೂತಿದ್ದೆ. ಆ ಕಡೆಯಿಂದ ಅವರು ಕೂಗಿದ್ದು ನನಗೂ ಕೇಳಿಸಿತು, ನನ್ನ ಸಲುವಾಗಿಯೋ ಪಕ್ಕದ ಮನೆಯವರ ಸಲುವಾಗಿಯೋ ಕನ್ನಡದಲ್ಲಿ: "ಕೈ ಉಂಟಾ ಮಗಾ?" ಭುಜಂಗ ನನ್ನ ಮುಖ ನೋಡುತ್ತಲೇ, "ಉಂಟು, ಹಾಗೇ ಉಂಟು," ಎಂದ. ಮದುವೆಯ ವಿಷಯ ಅವರು ಕೇಳುವುದು ನಿಂತಿತ್ತು; ಈ ಪ್ರಶ್ನೆ ಅದರ ಜಾಗಕ್ಕೆ ಬಂದಿತ್ತು. ಅವರು ಇರುವವರೆಗೆ ಕೇಳಿದರು. ಇವನು ಅಷ್ಟೂ ಸಲ ಉಂಟು ಎಂದ. ಕಾರನ್ನು ಅವನು ಮಾರಿದ್ದು ಅವರು ಹೋದ ಮೇಲೆ.

ಈಚೆಗೆ ಒಂದು ಮನೆಯ ಔತಣದಲ್ಲಿ ಯಾರೋ ಹಳೆಯ ಕಾರುಗಳ ಮಾತೆತ್ತಿದರು. ಭುಜಂಗ, ಈಗ ಅವನ ತಲೆಯೂ ಆ ಕಾರಿನಷ್ಟೇ ಬಿಳಿ, "ನನ್ನ ಕಾರಿನ ಮೇಲೆ ಅಮ್ಮನ ಕೈ ಇತ್ತು. ಮಾರುವ ದಿನ ತನಕ ಇತ್ತು," ಎಂದ. ನಾನು ತಟ್ಟೆ ಹಿಡಿದುಕೊಂಡೇ ಬೆಚ್ಚಿದೆ. ಆಚೆ ಕರೆದುಕೊಂಡು ಹೋಗಿ, "ಅದು ಆವತ್ತೇ ಹೋಯ್ತಲ್ಲೋ," ಎಂದೆ.

"ಮಾಸಿತ್ತು ಮಾರಾಯ. ಹೋಗಿರ್ಲಿಲ್ಲ. ಅದಕ್ಕೇ ಅಲ್ವಾ ನಾನು ಬಟ್ಟೆ ಹೊದಿಸಿದ್ದು? ನೀನು ತೂಕಡಿಸ್ತಾ ಇದ್ದಿ."

ಅವನ ಸುಳ್ಳಿನ ಮುಖ ನನಗೆ ಗೊತ್ತು. ತಾಯಿಯ ಮುಂದೆ ನಿಂತಾಗ ನೋಡಿದ್ದೇನೆ. ಇದು ಆ ಮುಖವಲ್ಲ. ತಿಂಗಳಿಗೊಮ್ಮೆ 'ಉಂಟು' ಎಂದು ಹೇಳಿ ಹೇಳಿ ಅವನು ಆ ಕೈಯನ್ನು ಮತ್ತೆ ಅಲ್ಲಿ ಕೂರಿಸಿದ್ದಾನೆ ಎಂದು ನನಗನ್ನಿಸಿತು. ಆದರೆ ಇನ್ನೊಂದು ಸಾಧ್ಯತೆ ನನ್ನನ್ನು ಆ ರಾತ್ರಿ ಕೆಣಕಿತು. ನಾನು ನಿಜಕ್ಕೂ ತೂಕಡಿಸಿದ್ದೆ. ಮಾಯವಾದ ಕೈಯ ಕಥೆ ಮಾಸಿದ ಕೈಯ ಕಥೆಗಿಂತ ಚೆನ್ನಾಗಿದೆ, ಅದನ್ನು ನಾನೂ ಹಲವರಿಗೆ ಹೇಳಿದ್ದೇನೆ. ತಿದ್ದಿ ಕಟ್ಟಿದವನು ಅವನೊಬ್ಬನೇ ಎಂದು ಯಾವ ನ್ಯಾಯಶಾಸ್ತ್ರ ಹೇಳುತ್ತದೆ?

ಆದ್ದರಿಂದ ಈ ಅಕ್ಟೋಬರಿನಲ್ಲಿ ಎರಡು ತಗಡು ತಂದೆ. ಎಲ್ಲೆಲ್ಲೋ ಹುಡುಕಿ ಒಂದು ಡಬ್ಬಿ ಬಿಳಿ ಲ್ಯಾಕರ್ ತಂದೆ, ಈಗ ಅದು ಸುಲಭಕ್ಕೆ ಸಿಗುವುದಿಲ್ಲ. ಬಣ್ಣ ಹೊಡೆದು, ಇನ್ನೂ ಹಸಿಯಿರುವಾಗಲೇ ಅರಿಶಿನ ಕಲಸಿ ನಳಿನಿಯ ಮುಂದೆ ಹಿಡಿದೆ. "ನಿಮಗೆ ರಿಟೈರ್ ಆಗಿದ್ದೇ ತಪ್ಪಾಯ್ತು," ಎನ್ನುತ್ತ ಅವಳು ಎರಡರ ಮೇಲೂ ಅಂಗೈ ಊರಿದಳು. ಒಂದನ್ನು ಹಿತ್ತಲಲ್ಲಿ ಬಿಸಿಲಿಗೆ ಒರಗಿಸಿದೆ. ಇನ್ನೊಂದನ್ನು ಗರಾಜಿನಲ್ಲಿ ಬಟ್ಟೆ ಮುಚ್ಚಿ ಇಟ್ಟೆ. ಹಿತ್ತಲಿನ ತಗಡಿನ ಮೇಲಿನ ಕೈಯನ್ನು ಸಂಜೆಯೊಳಗೆ ಬಿಸಿಲು ತಿಂದುಹಾಕಿತ್ತು, ಇದ್ದ ಸುಳಿವೂ ಇರಲಿಲ್ಲ. ಅಂದರೆ ನನ್ನ ನೆನಪು ಸರಿಯಿರಬಹುದು. ಇದನ್ನು ಭುಜಂಗನಿಗೆ ಹೇಳಬೇಕೆಂದು ಫೋನಿನವರೆಗೆ ಹೋದವನು ಹೇಳಲಿಲ್ಲ. ಗರಾಜಿನ ತಗಡನ್ನೂ ಬಿಸಿಲಿಗಿಟ್ಟರೆ ಪರೀಕ್ಷೆ ಪೂರ್ತಿಯಾಗುತ್ತದೆ, ಅದನ್ನೂ ಮಾಡಿಲ್ಲ. ಆಗಾಗ ಹೋಗಿ ಬಟ್ಟೆ ಎತ್ತಿ ನೋಡಿ ಬರುತ್ತೇನೆ. ಕತ್ತಲಲ್ಲಿಟ್ಟ ಅರಿಶಿನ ಹೋಗುವುದಿಲ್ಲ. ಇಷ್ಟನ್ನು ಮಾತ್ರ ನಾನು ಸ್ವತಃ ಪರೀಕ್ಷಿಸಿದ್ದೇನೆ.